ಸಾಹೇಬ ಬಾರದ ಶನಿವಾರ

ನನ್ನ ಗುಬ್ಬೀ,

‘ನೋವಿಗೆ ಮಾತೇ ಮದ್ದು’ ಎಂದೇನೋ ಒಂದು ಸಾಲು ಓದಿದ ನೆನಪು. ಮದ್ದೋ, ಮುಲಾಮೋ, ಯಾರು ಬರೆದದ್ದೋ ತಿಳಿಯದು. ಆದರೆ ನಿಜವೇ ಅದು? ಪರೀಕ್ಷೆಯ ನಡುವೆ ಉಸಿರು ಸಿಗದೆ ನೀನು ಎದ್ದು ಬಂದ ದಿನದಿಂದ ಈ ಮನೆಯಲ್ಲಿ ನಾವು ಮಾತಿಗೇನು ಕಡಿಮೆ ಮಾಡಿದೆವು? ನಾನು ಕೇಳಿದೆ, ನಿನ್ನಪ್ಪ ಕೇಳಿದರು, ಡಾಕ್ಟರೂ ಕೇಳಿದರು. ನೀನು ಕೋಣೆಯ ಬಾಗಿಲು ಹಾಕಿಕೊಂಡೆ.

ಆ ಬಾಗಿಲು ತೆಗೆಸಿದ್ದು ಒಂದು ನಾಯಿ. ನಿನ್ನ ಹಾಗೆ ನೊಂದ ಮಕ್ಕಳ ಪಕ್ಕ ಸುಮ್ಮನೆ ಇರಲೆಂದೇ ಪಳಗಿಸಿ, ನಿವೃತ್ತ ಡ್ರಿಲ್ ಮೇಷ್ಟ್ರು ಪ್ರತಿ ಶನಿವಾರ ಸಮುದಾಯ ಭವನಕ್ಕೆ ಕರೆತರುವ ಆ ದಢೂತಿ. “ಏನೂ ಕೆಲಸ ಮಾಡಲ್ಲ, ಆದ್ರೂ ಬಂದ ತಕ್ಷಣ ಎಲ್ಲರೂ ಎದ್ದು ನಿಲ್ತಾರೆ. ಅದಕ್ಕೇ ಇವನು ಸಾಹೇಬ” ಎಂದು ಮೇಷ್ಟ್ರು ಹೇಳಿದಾಗ ನಿನ್ನ ತುಟಿ ಒಂದಿಷ್ಟು ಅಲುಗಿದ್ದನ್ನು ಕದ್ದು ನೋಡಿದ್ದೆ. ಅದು ನಿನ್ನ ಪಾದದ ಮೇಲೆ ಗಲ್ಲ ಊರಿ ಮಲಗಿತು. ನೀನು ಅದರ ಕಿವಿ ಸವರುತ್ತ ಕೂತೆ. ವಾರಗಳು ಕಳೆದಂತೆ ಊಟಕ್ಕೆ ನಮ್ಮ ಜೊತೆ ಕೂರತೊಡಗಿದೆ.

ಇವತ್ತು “ನಾನೊಬ್ಬಳೇ ಹೋಗ್ತೀನಮ್ಮ, ನೀನು ಹಿಂದೆ ಬರಬೇಡ” ಎಂದು ಹೊರಟೆ ನೀನು. ನಾನು ಹೂಂಗುಟ್ಟಿದೆ. ನೀನು ರಸ್ತೆಯ ತಿರುವು ದಾಟಿದ್ದೇ ತಡ, ಮೇಷ್ಟ್ರ ಫೋನ್ ಬಂತು. ಸಾಹೇಬನಿಗೆ ವಾಂತಿ ಹತ್ತಿದೆ, ಇವತ್ತು ಬರುವುದಿಲ್ಲವಂತೆ. ಭವನ ಮಾತ್ರ ತೆರೆದಿರುತ್ತದಂತೆ. ನಿನ್ನ ಫೋನೋ, ಇಲ್ಲೇ ಚಾರ್ಜಿಗೆ ಹಾಕಿದಲ್ಲೇ ಇದೆ.

ಚಪ್ಪಲಿ ಮೆಟ್ಟಿದೆ, ಬಿಟ್ಟೆ, ಮತ್ತೆ ಮೆಟ್ಟಿದೆ. ಬಂದರೆ ಕೊಟ್ಟ ಮಾತು ಮುರಿದಂತೆ. ಬರದಿದ್ದರೆ, ಸಾಹೇಬ ಮಲಗುವ ಚಾಪೆ ಖಾಲಿ ಇರುವುದನ್ನು ನೋಡಿ ಅಲ್ಲೇ ನಿನಗೆ ಉಸಿರು ಕಟ್ಟಿದರೆ? ಸಾಹೇಬನೂ ಕೈಕೊಟ್ಟ ಅಂತ ಮತ್ತೆ ಕೋಣೆ ಸೇರಿಬಿಟ್ಟರೆ? ಕಾಲು ಹೊರಗೆ ಓಡದಿರಲಿ ಎಂದೇ ಈ ಕಾಗದ ಹಿಡಿದು ಕೂತಿದ್ದೇನೆ. ನೀನು ಬರಬೇಕಾದ ಹೊತ್ತೂ ಮೀರಿತು. ಬರೆದದ್ದನ್ನು ನಿನಗೆ ಕೊಡುತ್ತೇನೋ ಇಲ್ಲವೋ, ಗೊತ್ತಿಲ್ಲ. ಎಲ್ಲೇ ಇರು ಗುಬ್ಬೀ, ನಿನ್ನ ಉಸಿರು ಸಲೀಸಾಗಿ ಆಡುತ್ತಿರಲಿ.

ನಿನ್ನ ದಾರಿ ನೋಡುತ್ತಿರುವ
ಅಮ್ಮ

ಬೆಲ್ ಆಯಿತೆಂದು ಓಡಿದೆ. ನೀನಲ್ಲ, ಎದುರುಮನೆಯ ಟೈಲರಮ್ಮ, ಕೈಯಲ್ಲಿ ತರಕಾರಿ ಚೀಲ. ಒಳಗೂ ಬರದೆ ಬಾಗಿಲಲ್ಲೇ ನಿಂತು ಹೇಳಿದರು: “ನಿಮ್ಮ ಹುಡುಗಿ ಭವನದ ಮೆಟ್ಟಿಲ ಮೇಲೆ ಕೂತಿದ್ದಾಳೆ ಕಣ್ರೀ. ಪಕ್ಕದಲ್ಲಿ ಇನ್ಯಾವುದೋ ಹುಡುಗಿ ಬಿಕ್ಕಿ ಬಿಕ್ಕಿ ಅಳ್ತಿದೆ. ಏನಾಯ್ತಮ್ಮ ಅಂತ ಕೇಳೋಕೆ ಹೋದೆ. ಏನೂ ಕೇಳಬೇಡಿ ಅಂತ ಸನ್ನೆ ಮಾಡಿ, ನಿಮ್ಮವಳು ನನ್ನನ್ನೇ ಕಳಿಸಿಬಿಟ್ಟಳು.”