ಎದೆಮಟ್ಟದ ನೀರು

ಮಂಗಳವಾರ, ಮಾರ್ಚ್ ೧೪

ಭಾವ ಇವತ್ತೂ ಜಾಗ ಬದಲಾಯಿಸಿದರು. ನೀರಿನಡಿ ಉಸಿರಾಡಲು ಅವರು ತಯಾರಿಸಿದ ಹೊಸ ಉಪಕರಣವನ್ನು ತೊಟ್ಟು ಇಳಿದು ನೋಡಬೇಕಾದವಳು ನಾನು. ಮೊದಲು ಬಂದರಿನ ಹಿಂದಿನ ಕೊಲ್ಲಿ ಎಂದಿದ್ದರು, ಅಲ್ಲಿ ಸೆಳೆತವಂತೆ. ಆಮೇಲೆ ಕಲ್ಲುಕ್ವಾರಿ, ಅಲ್ಲಿ ತಳ ಕಾಣುವುದಿಲ್ಲವಂತೆ. ಈಗ ಈಜುಶಾಲೆಯ ಮಕ್ಕಳ ಕೊಳ. ನೀರು ನನ್ನ ಎದೆಮಟ್ಟಕ್ಕೂ ಬರುವುದಿಲ್ಲ.

ಈ ಉಪಕರಣ ಮೂವತ್ತು ಮೀಟರ್ ಆಳಕ್ಕೂ ಜಗ್ಗುವುದಿಲ್ಲ ಎಂದು ಊರಿಗೆಲ್ಲ ಸಾರಿದವರು ಇವರೇ. "ಕಾಲು ತಳಕ್ಕೆ ತಾಗುತ್ತೆ ತಾನೇ?" ಎಂದು ಸಂಜೆಯಿಂದ ಮೂರು ಸಲ ಕೇಳಿದ್ದಾರೆ.

"ಮೊದಲು ಆಳ ಇಲ್ಲದ ಕಡೆ ನೋಡೋದೇ ಕ್ರಮ ಕಣೇ. ಎಲ್ಲದರಲ್ಲೂ ಹುಳುಕು ಹುಡುಕ್ತೀಯ" ಎಂದು ಅಕ್ಕ ರೇಗಿದಳು.

ಇರಬಹುದು. ಹಾಗಿದ್ದರೆ ಮೊದಲ ದಿನವೇ ಹೇಳಬಹುದಿತ್ತಲ್ಲ? ಭಾವನಿಗೆ ಅನುಮಾನ ಜಾಗದ ಮೇಲೋ, ಉಪಕರಣದ ಮೇಲೋ?

ತಡೆಯಲಾರದೆ, "ಭಾವ, ಮೊದಲು ನೀವೇ ಇಳೀರಿ" ಎಂದೆ.

"ನಂಗೆ ನೆಗಡಿ ಕಣಮ್ಮ. ಮೂಗು ಕಟ್ಟಿದಾಗ ಇಳೀಬಾರದು" ಎಂದರು.

ಆ ಮಾತೂ ನಿಜವೇ. ಆದರೆ ನಾವೆಲ್ಲ ಊಟಕ್ಕೆ ಕೂತಿದ್ದಾಗ ಅಡುಗೆಮನೆಯಲ್ಲಿ ಹಾಲು ಸೀಯತೊಡಗಿತು. ಎಲ್ಲರಿಗಿಂತ ಮೊದಲು ವಾಸನೆ ಹಿಡಿದವರು ಭಾವ.