ಕೆಂಚನನ್ನು ಮೀಯಿಸಿದ ಸುದ್ದಿ

ಆಯಿ,

ಕೇಳಿದರೆ ನೀನು ನಗುತ್ತೀಯ. ನಿನ್ನ ಕೊನೆಯ ತಿಂಗಳಲ್ಲಿ ಬಚ್ಚಲ ಬಾಗಿಲಲ್ಲೇ ಮೂಗು ಮುಚ್ಚಿ ನಿಂತು, ನಿನ್ನನ್ನು ಮೀಯಿಸಲು ಬೇರೆ ಹೆಂಗಸನ್ನು ಕರೆಸಿದ ಮಗಳು ನಾನು. ಅಂಥವಳ ಕೊರಳಿಗೆ ಈಗ ನಾಯಿಮರಿ ಬಿದ್ದಿದೆ. ನಿನ್ನ ಮೊಮ್ಮಗಳು ಸುಮಾ ತ್ಯಾಗಲಿಯಿಂದ ತಂದು, ಶಿರಸಿಯ ನಮ್ಮ ಮನೆಯಲ್ಲಿ ಬಿಟ್ಟು, ಯಲ್ಲಾಪುರಕ್ಕೆ ಗಂಡನ ಮನೆಗೆ ಹೋದಳು. ಹೆಸರು ಕೆಂಚ. ಥೂ, ಅದರ ನಾತ ಏನು ಹೇಳಲಿ? ಕೊಳೆತ ಹಲಸಿನಹಣ್ಣು, ಸತ್ತ ಕಪ್ಪೆ, ಎಲ್ಲದರಲ್ಲೂ ಹೊರಳಿ ಬರುತ್ತದೆ. ಕಿವಿಯೊಳಗೆ ರಕ್ತ ಕುಡಿದು ಊದಿದ ಉಣುಗುಗಳು... ಬೇಡ ಬಿಡು, ನನಗೆ ಊಟ ಸೇರಬೇಕು.

ಹಬ್ಬದ ಎಣ್ಣೆಸ್ನಾನಕ್ಕೆ ನಮ್ಮ ತಲೆಗೆ ಹೊಯ್ಯುತ್ತಿದ್ದೆಯಲ್ಲ, ಹಾಗೆಯೇ ಮೊದಲ ದಿನ ಹಂಡೆಯ ಬಿಸಿನೀರನ್ನು ತಂಬಿಗೆ ತುಂಬಿ ಅದರ ತಲೆಗೇ ಸುರಿದೆ. ಅಂಟುವಾಳದ ನೊರೆ ಕಣ್ಣಿಗೆ ಹೋಯಿತು. ಮರಿ ಕಿರುಚಿ, ನನ್ನ ಕೈ ಕಚ್ಚಿ, ಕಟ್ಟಿಗೆ ರಾಶಿಯ ಹಿಂದೆ ಹೊಕ್ಕಿತು. ಮೂರು ದಿನ ಬಚ್ಚಲ ಕಡೆ ಮುಖ ಹಾಕಲಿಲ್ಲ. ಸುಮಾ ಫೋನಿನಲ್ಲಿ, "ನಿಂಗೆ ಆಗ್ತಿಲ್ಲೆ ಅಂದ್ರೆ ಹೇಳು ಅಮ್ಮ, ವಾಪಸ್ ಕೊಟ್ಟು ಬಪ್ಪನ" ಎಂದಳು. ಆಗ ನಾಚಿಕೆಯಾಯಿತು.

ನಮ್ಮೂರು ಹುಲಗೋಳದಲ್ಲಿ ಯಾರ ಮನೆಯಲ್ಲಿ ಹಡೆದರೂ ಕೂಸನ್ನು ಮೀಯಿಸಲು ನೀನೇ ಹೋಗಬೇಕಿತ್ತು. ಮಣೆಯ ಮೇಲೆ ಕೂತು, ಕಾಲು ಚಾಚಿ, ಕಾಲ ಮೇಲೆ ಕೂಸನ್ನು ಮಲಗಿಸಿಕೊಂಡು... ಅದು ಅಲ್ಲೇ ಹೇತರೆ ನಾನು ವಾಕರಿಸುತ್ತ ಓಡುತ್ತಿದ್ದೆ. "ಮೊದ್ಲು ಪಾದಕ್ಕೆ ನೀರು ಹಾಕವು ತಂಗಿ, ತಲಿಗೆ ಕಡಿಗೆ" ಎಂದು ನೀನು ಹಿಂದಿನಿಂದ ನನಗೆ ಕೂಗಿ ಹೇಳುತ್ತಿದ್ದೆ. ಅಷ್ಟು ಸಲ ಹೇಳಿದ್ದು ನನ್ನ ತಲೆಗೆ ಯಾಕೆ ಹೋಗಲಿಲ್ಲ?

ಸುಮಾಳ ಫೋನ್ ಬಂದ ಮರುದಿನ ನಿನ್ನ ಮಣೆಯನ್ನೇ ಹಾಕಿಕೊಂಡು ಕಾಲು ಚಾಚಿದೆ. ಎರಡು ದಿನ ನೀರೇ ಮುಟ್ಟಲಿಲ್ಲ. ಒಣ ಬಚ್ಚಲಲ್ಲಿ ದೋಸೆಯ ಚೂರು ತಿನ್ನಿಸುತ್ತ ಕೂತೆ. ಆಮೇಲೆ ಪಾದಕ್ಕೆ ಉಗುರುಬೆಚ್ಚಗಿನ ನೀರು. ಮತ್ತೆರಡು ದಿನ ಬಿಟ್ಟು ಬೆನ್ನಿಗೆ. ತಲೆಗೆ ಒದ್ದೆ ಬಟ್ಟೆ ಮಾತ್ರ. ಇವತ್ತು ಕೆಂಚ ನನ್ನ ಕಾಲ ಮೇಲೆಯೇ ಉಚ್ಚೆ ಹೊಯ್ದು, ಅಲ್ಲೇ ನಿದ್ದೆಹೋದ.

ನನ್ನ ಹೇಸಿಗೆ ಹೋಗಲಿಲ್ಲ ಆಯಿ. ಈಗಲೂ ಮೂಗಿಗೆ ಸೆರಗು ಸುತ್ತಿಕೊಂಡೇ ಮಣೆಯ ಮೇಲೆ ಕೂರುತ್ತೇನೆ. ಹೇಸಿಕೊಂಡೇ ಮೀಯಿಸಬಹುದು ಎಂದು ಅವತ್ತೇ ಗೊತ್ತಿದ್ದರೆ ನಾನು ಆ ಬಾಗಿಲಲ್ಲಿ... ನಿನಗೂ ಹೇಸಿಗೆ ಆಗುತ್ತಿತ್ತೇನು?

ಸುಮಾಗೆ ಈಗ ಐದು ತಿಂಗಳು. ಕೂಸನ್ನು ಮೀಯಿಸಲು ಯಾರನ್ನೂ ಕರೆಸುವುದಿಲ್ಲ ಎಂದು ಅವಳಿಗೆ ಹೇಳಿದ್ದೇನೆ. ಮೊದಲು ಪಾದಕ್ಕೇ ಹಾಕುತ್ತೇನೆ.