ಊಟವಾದ ಮೇಲಿನ ಮಾತ್ರೆ

ನಮ್ಮ ಹೆಡ್‌ಮೇಡಂಗೆ,

ಆ ಮೇಲಿನ ಲೋಕದಲ್ಲೂ ಒಂದು ಶಾಲೆ ಇದ್ದರೆ, ಇಷ್ಟು ಹೊತ್ತಿಗೆ ನೀವು ಅಡುಗೆಮನೆಗೆ ಹೋಗಿ ಸಾರಿನ ರುಚಿ ನೋಡಿ ಬಂದಿರುತ್ತೀರಿ. ಬಾಗಲಗುಂಟೆಯ ನಮ್ಮ ಶಾಲೆಯಿಂದ ನಿಮ್ಮ ಸುಮಾ ಟೀಚರ್ ಬರೆಯುತ್ತಿದ್ದೇನೆ.

ಆ ಸೋಮವಾರ ನೆನಪಿದೆಯಾ? ರಕ್ತಹೀನತೆಗೆಂದು ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯನ್ನು ನಾವು ಬೆಳಗಿನ ಪ್ರಾರ್ಥನೆ ಮುಗಿದ ಕೂಡಲೇ ಹಂಚಿಬಿಟ್ಟಿದ್ದೆವು. ಮಕ್ಕಳೆಲ್ಲ ಸಾಲಾಗಿ ಸಿಗುವುದು ಆಗಲೇ ಅಲ್ಲವೇ? ಮೊದಲ ಪೀರಿಯಡ್ ಮುಗಿಯುವಷ್ಟರಲ್ಲಿ ಏಳನೇ ಕ್ಲಾಸಿನ ಹುಡುಗಿಯರು ಒಬ್ಬೊಬ್ಬರಾಗಿ ವಾಂತಿ ಮಾಡತೊಡಗಿದರು. ಪವಿತ್ರಾ ಅಂತೂ ನನ್ನ ಹೆಗಲಿಗೇ ಒರಗಿಬಿಟ್ಟಳು. ಅವಳ ತಾಯಿ ಮಂಗಳಾ ಗಾರ್ಮೆಂಟ್ಸ್‌ನಿಂದ ಓಡಿ ಬಂದಳು. ಆ ಮಾತ್ರೆ ನುಂಗಿದ ಹುಡುಗಿಯರಿಗೆ ಮುಂದೆ ಮಕ್ಕಳಾಗುವುದಿಲ್ಲವಂತೆ ಎಂಬ ಗುಲ್ಲು ಆಗಲೇ ಬೀದಿಯಲ್ಲೆಲ್ಲ ಹಬ್ಬಿತ್ತು. ಇನ್ನೊಂದು ಮಾತ್ರೆ ಕೊಟ್ಟರೂ ಮಗಳನ್ನು ಶಾಲೆ ಬಿಡಿಸುತ್ತೇನೆ ಎಂದಳು. ಬೇರೆ ತಾಯಂದಿರೂ ಅದನ್ನೇ ಹೇಳಿದರು.

ಮರುದಿನ ನಾನು, ಡಾಕ್ಟರನ್ನು ಕರೆಸಿ ಭಾಷಣ ಮಾಡಿಸೋಣ ಎಂದೆ. ನೀವು ಪವಿತ್ರಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ನಿನ್ನೆ ಬೆಳಗ್ಗೆ ಏನು ತಿಂದಿದ್ದೆ ಎಂದು ಕೇಳಿದಿರಿ. ಏನೂ ತಿಂದಿರಲಿಲ್ಲ. ಅಮ್ಮ ನಸುಕಿನಲ್ಲೇ ಕಂಪನಿ ಬಸ್ಸು ಹತ್ತುತ್ತಾಳೆ, ಮಗಳು ಬರಿಹೊಟ್ಟೆಯಲ್ಲಿ ಶಾಲೆಗೆ ಬರುತ್ತಾಳೆ. ಅರ್ಧ ಕ್ಲಾಸಿನ ಕಥೆ ಅದೇ ಆಗಿತ್ತು.

“ಭಾಷಣ ಆಮೇಲೆ ಮಾಡ್ಸೋಣ ಕಣಮ್ಮ. ತಿಂಡಿ ಆಯ್ತಾ ಅಂತ ನಾವು ಮೊದ್ಲು ಕೇಳ್ಬೇಕಿತ್ತು,” ಎಂದಿರಿ.

ಪೋಷಕರ ಸಭೆಗೆ ಯಾರೂ ಬರುವುದಿಲ್ಲ ಎಂದು ಗೊಣಗುತ್ತಿದ್ದೆವಲ್ಲ... ವಾರದ ಮಧ್ಯೆ ಹನ್ನೊಂದು ಗಂಟೆಗೆ ಕರೆದರೆ ಶಿಫ್ಟ್ ಬಿಟ್ಟು ಯಾರು ತಾನೇ ಬಂದಾರು? ನೀವು ಭಾನುವಾರ ಕರೆದಿರಿ, ಉಪ್ಪಿಟ್ಟು ಮಾಡಿಸಿದಿರಿ. ಎಲ್ಲಕ್ಕಿಂತ ಮೊದಲು ತಪ್ಪು ನಮ್ಮದು ಎಂದು ಕೈಮುಗಿದಿರಿ. ಆಮೇಲೆ ಅವರೆದುರೇ ಒಂದು ಮಾತ್ರೆ ನುಂಗಿದಿರಿ. ನನಗಂತೂ ಮಕ್ಕಳಾಗುವ ವಯಸ್ಸು ಮುಗಿಯಿತು, ಸುಮಾನೂ ನುಂಗಲಿ ಎಂದು ಡಬ್ಬಿಯನ್ನು ನನ್ನ ಕಡೆ ಚಾಚಿದಿರಿ. ನನಗೆ ಆಗಷ್ಟೇ ಮದುವೆ ಗೊತ್ತಾಗಿತ್ತು! ನುಂಗಿದೆ. ತಾಯಂದಿರೆಲ್ಲ ನಕ್ಕುಬಿಟ್ಟರು. ಈಗ ನಮ್ಮ ಮನೆಯಲ್ಲಿ ಎರಡು ತರಲೆ ಸಾಕ್ಷಿಗಳಿವೆ.

ಅಂದಿನಿಂದ ಸೋಮವಾರ ಮಧ್ಯಾಹ್ನ ನಾವು ಟೀಚರ್‌ಗಳೂ ಮಕ್ಕಳ ಪಂಕ್ತಿಯಲ್ಲೇ ಕೂತು ಉಂಡು, ಅವರ ಜೊತೆಗೇ ಮಾತ್ರೆ ನುಂಗುತ್ತೇವೆ. ಪ್ರಾರ್ಥನೆಯಲ್ಲಿ ತಲೆ ಸುತ್ತಿ ಬೀಳುವ ಹುಡುಗಿಯರು ಈಗ ಅಪರೂಪ. ಮಕ್ಕಳ ಆರೋಗ್ಯದ ಪಾಠವನ್ನು ಅವರ ಮನೆಯ ಗಡಿಯಾರ ನೋಡಿ ಶುರುಮಾಡಬೇಕು ಎಂದು ನನಗೆ ಕಲಿಸಿದವರು ನೀವು. ಎದುರಿಗೆ ಒಮ್ಮೆಯಾದರೂ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡಿದ್ದೆ, ಅಷ್ಟರಲ್ಲಿ...

ನೀವು ಹೋದ ಮೇಲೆ ಇದೆಲ್ಲ ನಿಂತುಹೋಗುತ್ತದೆ ಎಂದು ಹೆದರಿದ್ದೆ ಮೇಡಂ. ಈ ಸೋಮವಾರ ಮಾತ್ರೆ ಸಪ್ಲೈ ಬರಲಿಲ್ಲ. ಸಂಜೆ ಶಿಫ್ಟ್ ಮುಗಿಸಿ, ಕೊರಳಿನ ಐಡಿ ಕಾರ್ಡನ್ನೂ ತೆಗೆಯದೆ ಮಂಗಳಾ ಜಗಳಕ್ಕೆ ಬಂದಳು. ಪವಿತ್ರಾಳ ತಂಗಿ ಈಗ ನಮ್ಮಲ್ಲೇ ಓದುತ್ತಿದ್ದಾಳೆ.

“ಊಟ ಆದ್ಮೇಲೆ ಮಾತ್ರೆ ಯಾಕ್ ಕೊಡ್ಲಿಲ್ಲ? ಎಡ್‌ಮೇಡಂ ಇದ್ದಿದ್ರೆ ಇಂಗಾಯ್ತಿತ್ತಾ?”

ಬೈಸಿಕೊಂಡು ಇಷ್ಟು ಖುಷಿಪಟ್ಟಿದ್ದು ನನ್ನ ಜನ್ಮದಲ್ಲೇ ಇಲ್ಲ. ನಾಳೆ ಆರೋಗ್ಯ ಕೇಂದ್ರಕ್ಕೆ ನಾನೇ ಹೋಗಿ ಕೇಳುತ್ತೇನೆ. ಮಂಗಳಾನೂ ಬರುತ್ತಾಳಂತೆ, ಅರ್ಧ ದಿನ ರಜ ಹಾಕಿ.

ನಿಮ್ಮ
ಸುಮಾ